ಗುಡ್ಡ ಜಾರಿತು, ಊರು ಖಾಲಿಯಾಯಿತು
ಬೂಟಿನಾಕಾರದ ಇಟಲಿಯಲ್ಲಿ ಪಾದ ಬಾಗುವ ಜಾಗವೇ ಬಸಿಲಿಕಾಟಾ ಪ್ರಾಂತ್ಯ. ಅಲ್ಲಿನ ಕ್ರಾಕೊ, ಸುಮಾರು 400 ಮೀಟರ್ ಎತ್ತರದ ಗುಡ್ಡದ ಮೇಲಿನ ಊರು. ನೆತ್ತಿಯಲ್ಲಿ ನಾರ್ಮನ್ನರ ಕಾಲದ ಚೌಕಾಕಾರದ ಬುರುಜು, ಅದರ ಕೆಳಗೆ ಒಂದಕ್ಕೊಂದು ಆತುಕೊಂಡ ಕಲ್ಲಿನ ಮನೆಗಳು.

ಶತ್ರುಗಳ ಮೇಲೆ ಕಣ್ಣಿಡಲು ಎತ್ತರವೇನೋ ಸರಿ. ಆದರೆ ಬುಡದಲ್ಲಿರುವುದು ಜೇಡಿಮಣ್ಣು. ನೀರು ಇಂಗಿದರೆ ಜಾರುತ್ತದೆ. ಬೇಸಾಯ ಹೊಟ್ಟೆ ತುಂಬಿಸದೆ 1892ರಿಂದ 1922ರ ನಡುವೆ ಸಾವಿರಕ್ಕೂ ಹೆಚ್ಚು ಮಂದಿ ಅಮೆರಿಕದ ಹಡಗು ಹತ್ತಿದ್ದರು. ಉಳಿದವರನ್ನು ಎಬ್ಬಿಸಿದ್ದು 1963ರ ಭೂಕುಸಿತ. ಕೊಳಾಯಿ, ಒಳಚರಂಡಿಯ ಕಾಮಗಾರಿಗಳೇ ಗುಡ್ಡವನ್ನು ಸಡಿಲಿಸಿದವೆಂಬ ಮಾತೂ ಇದೆ. ಸೌಕರ್ಯ ಬಂತು, ಊರು ಹೋಯಿತು!

ಜನರನ್ನು ಕಣಿವೆಯ ಕ್ರಾಕೊ ಪೆಸ್ಕಿಯೇರಾಕ್ಕೆ ಸಾಗಿಸಲಾಯಿತು. ಹಟ ಹಿಡಿದು ಉಳಿದ ಕೆಲವರನ್ನೂ 1980ರ ಭೂಕಂಪ ಕೆಳಗಿಳಿಸಿತು. ಈಗ ಆ ಬೀದಿಗಳಲ್ಲಿ ಓಡಾಡುವವರು ಸಿನಿಮಾ ತಂಡದವರು ಮತ್ತು ತಲೆಗೆ ಹೆಲ್ಮೆಟ್ ಧರಿಸಿದ ಪ್ರವಾಸಿಗರು.