ಫೋಟೋದಲ್ಲಿ ಸಿಗದ ಹೊಳೆ

ಈ ಸಂಚಿಕೆಗೋಸ್ಕರ ನಾನು ಬೆಳೆದ ಊರು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಈ ಸಲ ಥೇಟ್ ಟೂರಿಸ್ಟ್ ತರ ಸುತ್ತಿದೆ. ರಂಗನಾಥಸ್ವಾಮಿ ಗೋಪುರ, ಜಾಮಿಯಾ ಮಸೀದಿಯ ಮಿನಾರು, ದರಿಯಾ ದೌಲತ್, ಗುಂಬಜ್, ಟಿಪ್ಪುವಿನ ಶವ ಸಿಕ್ಕ ಜಾಗದ ಕಲ್ಲು. ಸಂಜೆ ಹೊತ್ತಿಗೆ ಫೋನ್‌ನಲ್ಲಿ 200 ಫೋಟೋ.

ರಾತ್ರಿ ಅಜ್ಜಿಗೆ ಎಲ್ಲಾ ತೋರಿಸಿದೆ. ನೋಡಿ ಮುಗಿಸಿ ಕೇಳಿದರು: "ಎಲ್ಲಾ ಚೆನ್ನಾಗೈತೆ ಕಣ್ ಮಗ, ಹೊಳೆ ಎಲ್ಲಿ?"

ಮತ್ತೆ ಹುಡುಕಿದೆ. ಒಂದೇ ಒಂದು ಫೋಟೋದಲ್ಲಿ, ಕೋಟೆ ಗೋಡೆಯ ಹಿಂದೆ ಸ್ವಲ್ಪ ನೀರು ಕಾಣ್ತಿತ್ತು. ಅಷ್ಟೇ. ನಮ್ಮೂರು ಕಾವೇರಿ ಎರಡಾಗಿ ಸೀಳಿ ಮತ್ತೆ ಒಂದಾಗುವ ನಡುವಿನ ದ್ವೀಪ. ದ್ವೀಪಕ್ಕೆ ಹೋಗಿ ನೀರನ್ನೇ ಬಿಟ್ಟು ಬಂದಿದ್ದೆ.

ನಾವು ಇತಿಹಾಸ ಹೇಳುವಾಗಲೂ ಹೀಗೇ ಮಾಡ್ತೀವಿ. 1799 ಅಂದ ತಕ್ಷಣ ಮೀರ್ ಸಾದಿಕ್, ದ್ರೋಹ, ಒಡೆದ ಗೋಡೆ ನೆನಪಾಗುತ್ತೆ. ಹೊಳೆ ನೆನಪಾಗಲ್ಲ.

ಎಂಟು ವರ್ಷ ಹಿಂದಕ್ಕೆ ಹೋಗೋಣ. 1791ರ ಮೇ ತಿಂಗಳು. ಕಾರ್ನ್‌ವಾಲಿಸ್ ದೊಡ್ಡ ಸೈನ್ಯದೊಂದಿಗೆ ಪಟ್ಟಣದ ಹತ್ತಿರಕ್ಕೇ ಬಂದಿದ್ದ. ಆದರೆ ಮಳೆ ಶುರುವಾಗಿತ್ತು, ಹೊಳೆ ಏರುತ್ತಿತ್ತು. ದವಸ ಖಾಲಿ, ಗಾಡಿ ಎಳೆಯೋ ಎತ್ತುಗಳು ಸಾಯುತ್ತಿದ್ದವು. ಕೊನೆಗೆ ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶ ಮಾಡಿ ವಾಪಸ್ ಹೋದ. ಆ ವರ್ಷ ಊರನ್ನು ಕಾದಿದ್ದು ಬರೀ ಕೋಟೆಯಲ್ಲ, ಮಳೆಗಾಲವೂ ಹೌದು.

1799ರಲ್ಲಿ ಜನರಲ್ ಹ್ಯಾರಿಸ್ ಏಪ್ರಿಲ್‌ನಲ್ಲೇ ಬಂದು ಮುತ್ತಿಗೆ ಹಾಕಿದ. ಅವನ ಪಾಳೆಯದಲ್ಲೂ ದವಸ ಕಡಿಮೆಯಾಗುತ್ತಿತ್ತು. ಮಳೆ ಹಿಡಿದು ಕಾವೇರಿ ತುಂಬಿದರೆ ಕಥೆ ಮುಗಿದಂತೆ. ಹಾಗಾಗಿ ಮೇ 4ರ ಉರಿಬಿಸಿಲಿನ ಮಧ್ಯಾಹ್ನ, ಬೇರ್ಡ್‌ನ ಮುಂದಾಳತ್ವದಲ್ಲಿ ಸೈನಿಕರು ಬಂಡೆಗಳ ನಡುವಿನ ತೆಳುನೀರಿನಲ್ಲಿ ನಡೆದೇ ಹೊಳೆ ದಾಟಿದರು. ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲಿದ್ದರು. ಸಂಜೆಯೊಳಗೆ ಟಿಪ್ಪು ಇರಲಿಲ್ಲ.

ದ್ರೋಹ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಕೆಲವು ವಾರ ತಡವಾಗಿದ್ದರೆ ಅದೇ ದಾರಿಯಲ್ಲಿ ತುಂಬಿದ ಕಾವೇರಿ ಹರಿಯುತ್ತಿತ್ತು. ಲೆಕ್ಕಪತ್ರ ಓದಿದವನು ನಾನು, ಬ್ಯಾಲೆನ್ಸ್ ಶೀಟ್‌ನಲ್ಲಿ ಇಷ್ಟು ದೊಡ್ಡ ಬಾಬತ್ತು ಬಿಟ್ಟರೆ ಫೇಲೇ.

ಇವತ್ತು ಆ ಹೊಳೆ ನಮಗೆ ಕಾಣದಿರೋಕೂ ಕಾರಣ ಇದೆ. 1804ರಲ್ಲಿ ಪೂರ್ಣಯ್ಯನವರ ಕಾಲದಲ್ಲಿ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಬಂತು. ಆಮೇಲೆ ರೈಲು, ಹೆದ್ದಾರಿ. ಮೇಲ್ಗಡೆ ಕೆಆರ್‌ಎಸ್ ಕಟ್ಟಿದ ಮೇಲೆ ನೀರು ಎಷ್ಟು ಬರಬೇಕು ಅನ್ನೋದನ್ನ ಗೇಟುಗಳೂ ತೀರ್ಮಾನಿಸುತ್ತವೆ. ಬಸ್ಸಲ್ಲಿ ಕೂತವರಿಗೆ ದ್ವೀಪಕ್ಕೆ ಬಂದಿದ್ದೇ ಗೊತ್ತಾಗಲ್ಲ.

ಮಾರನೇ ದಿನ ಬೆಳಿಗ್ಗೆ ಅಜ್ಜಿ ಜೊತೆ ಸ್ನಾನಘಟ್ಟಕ್ಕೆ ಹೋದೆ. ಅವರು ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟರು. ಒಂದು ಫೋಟೋ ತೆಗೆದೆ. ಈ ಸಂಚಿಕೆಯ ಕವರ್ ಅದೇ. ನೀವು ಮೇ ತಿಂಗಳಲ್ಲಿ ಹೋದರೆ ಕೋಟೆ ನೋಡೋಕೆ ಮುಂಚೆ ದಡಕ್ಕೆ ಹೋಗಿ, ನೀರು ಎಷ್ಟಿದೆ ನೋಡಿ.

ಮುಂದಿನ ವಾರ ಸಿಗೋಣ.