ಆಟಕ್ಕೊಂದು ಅಂಕಿತ

ಸಾಂಟಾ ಕ್ಲಾರಾದ ಸ್ಕಾಟ್ ಬುಲೆವಾರ್ಡಿನಲ್ಲಿ ನೋಡುವಂಥದ್ದು ಏನೂ ಇಲ್ಲ. ತಗ್ಗು ಸೂರಿನ ಆಫೀಸು ಕಟ್ಟಡಗಳು, ಅವುಗಳ ಮುಂದೆ ಕಾರು ನಿಲ್ಲಿಸುವ ಬಯಲು, ಅಷ್ಟೆ. ಊರಿಂದ ಬಂದ ನೆಂಟರನ್ನು ಎಲ್ಲರೂ ಗೋಲ್ಡನ್ ಗೇಟ್ ಸೇತುವೆಗೆ ಕರೆದೊಯ್ಯುತ್ತಾರೆ. ನಾನು ಒಮ್ಮೆಯಾದರೂ ಈ ರಸ್ತೆಯಲ್ಲಿ ಸುತ್ತಿಸುತ್ತೇನೆ. ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ 1972ರಲ್ಲಿ ಅಟಾರಿ ಎಂಬ ಟಿವಿ ಗೇಮ್ ಕಂಪನಿ ಶುರು ಮಾಡಿದ್ದು ಇಲ್ಲಿ, 2962ನೇ ನಂಬರಿನಲ್ಲಿ. ನೆಂಟರು ಕಾರಿನಿಂದ ಇಳಿಯುವುದೂ ಇಲ್ಲ, ಆ ಮಾತು ಬೇರೆ.

ನನಗೆ ಹುಚ್ಚು ಹಿಡಿಸಿದ್ದು ಎರಡೇ: ಟಿವಿ ಗೇಮು ಮತ್ತು ಭಾವಗೀತೆಯ ಕ್ಯಾಸೆಟ್ಟು. ಮೈಸೂರಿನ ಸರಸ್ವತೀಪುರಂ ಮನೆಯಲ್ಲಿ ಇವೆರಡೂ ಬದ್ಧ ವೈರಿಗಳು. ಟಿವಿಯ ಪಕ್ಕದಲ್ಲೇ ಟೇಪ್ ರೆಕಾರ್ಡರ್. "ಆ ಟೊಂಯ್ ಟೊಂಯ್ ನಿಲ್ಸೋ, ಅನಂತಸ್ವಾಮಿ ಹಾಡು ಕೇಳ್ಬೇಕು" ಎನ್ನುತ್ತಿದ್ದರು ಅಪ್ಪ. ಆ ಎರಡು ಪೆಟ್ಟಿಗೆಗಳ ವಂಶವೃಕ್ಷ ಒಂದೇ ಕಡೆ ಕೂಡುತ್ತದೆ ಎಂದು ಗೊತ್ತಾಗಿದ್ದು ಈ ಊರಿಗೆ ಬಂದ ಮೇಲೆ.

ಕೂಡುವ ಜಾಗ ಆಂಪೆಕ್ಸ್. ರಷ್ಯಾದಿಂದ ವಲಸೆ ಬಂದ ಅಲೆಕ್ಸಾಂಡರ್ ಪೊನಿಯಟಾಫ್ 1944ರಲ್ಲಿ ಕಟ್ಟಿದ ಈ ಕಂಪನಿಯ ಅಂದಿನ ನೆಲೆ ರೆಡ್‌ವುಡ್ ಸಿಟಿ. 101 ಹೆದ್ದಾರಿ ಹಿಡಿದರೆ ನಮ್ಮಿಂದ ಅರ್ಧ ಗಂಟೆ. ಅಮೆರಿಕದ ರೇಡಿಯೋ ಮತ್ತು ಧ್ವನಿಮುದ್ರಣಕ್ಕೆ ಟೇಪ್ ರೆಕಾರ್ಡರ್ ಬಂದದ್ದು ಮುಖ್ಯವಾಗಿ ಇವರಿಂದ. 1956ರಲ್ಲಿ ವಿಡಿಯೋ ರೆಕಾರ್ಡರ್ ಹೊರತಂದ ಇವರ ತಂಡದಲ್ಲಿ ರೇ ಡಾಲ್ಬಿ ಎಂಬ ಹುಡುಗನೊಬ್ಬನಿದ್ದ. ಮುಂದೆ ಅವನದೇ ಹೆಸರು ನಮ್ಮ ಡೆಕ್ಕಿನ ಮೇಲೂ ಬಂತು, ಬೆನ್ನಿಗೆ ಬೆನ್ನು ತಾಗಿಸಿದ ಎರಡು 'ಡಿ' ಗುರುತಾಗಿ. ಮುದ್ರಿಸುವಾಗ ಮೆಲುದನಿಯ ತಾರ ಸ್ವರಗಳನ್ನು ಎತ್ತರಿಸಿ, ಕೇಳಿಸುವಾಗ ಅಷ್ಟೇ ಇಳಿಸುವುದು ಡಾಲ್ಬಿಯ ಉಪಾಯ. ಟೇಪಿನ 'ಸ್ಸ್' ಸದ್ದೂ ಅದರ ಜೊತೆಗೇ ಅಡಗುತ್ತದೆ. ಹಾಗೆ ಮುದ್ರಿಸದ ಕ್ಯಾಸೆಟ್ಟಿಗೆ ಡೆಕ್ಕಿನ ಡಾಲ್ಬಿ ಗುಂಡಿ ಒತ್ತಿದರೆ ಹಾಡೇ ಮಂಕಾಗುತ್ತದೆ. ಅಪ್ಪ ಆ ಗುಂಡಿ ಮುಟ್ಟುತ್ತಲೇ ಇರಲಿಲ್ಲ. ಅವರ ಕಿವಿ ಸರಿಯಾಗಿಯೇ ಇತ್ತು.

ಬುಶ್ನೆಲ್, ಡ್ಯಾಬ್ನಿ, ಇವರು ಕರೆತಂದ ಆಲ್ ಆಲ್ಕಾರ್ನ್, ಮೂವರೂ ಆಂಪೆಕ್ಸಿನವರು. ಆಲ್ಕಾರ್ನ್‌ಗೆ ಕೊಟ್ಟ ಮೊದಲ ಕೆಲಸವೇ 'ಪಾಂಗ್' ಎಂಬ ಆಟ. ಅದರಲ್ಲಿ ಮೈಕ್ರೋಪ್ರೊಸೆಸರ್ ಇಲ್ಲ, ಪ್ರೋಗ್ರಾಂ ಇಲ್ಲ; ಬಿಡಿ ಚಿಪ್ಪುಗಳ ಜೋಡಣೆ ಮತ್ತು ಅಂಗಡಿಯಿಂದ ತಂದ ಕಪ್ಪು-ಬಿಳುಪು ಟಿವಿ. ಪಾಯಿಂಟ್ ಗೆದ್ದಾಗ ಜನರ ಹರ್ಷೋದ್ಗಾರ ಕೇಳಬೇಕೆಂದು ಬುಶ್ನೆಲ್ ಹಟ. ಸೋತವನಿಗೆ ಧಿಕ್ಕಾರ ಕೂಗುವ ದನಿ ಬೇಕೆಂದು ಡ್ಯಾಬ್ನಿ. ಅಷ್ಟಕ್ಕೆ ಚಿಪ್ಪುಗಳು ಉಳಿದಿರಲಿಲ್ಲ. ಟಿವಿ ಚಿತ್ರವನ್ನು ಹಿಡಿದಿಡುವ ಸರ್ಕ್ಯೂಟಿನಲ್ಲಿ ಆಗಲೇ ಓಡುತ್ತಿದ್ದ ಕಂಪನಗಳಲ್ಲೇ ಆಲ್ಕಾರ್ನ್ ತಡಕಾಡಿ ಒಂದು 'ಟೊಂಕ್' ಹೆಕ್ಕಿಕೊಟ್ಟರು. ಅಪ್ಪನನ್ನು ಕಾಡಿದ ಸದ್ದಿನ ಮೂಲಪುರುಷ ಅದೇ.

ಆ ಯಂತ್ರವನ್ನು ಪಕ್ಕದ ಸನಿವೇಲಿನ ಆಂಡಿ ಕ್ಯಾಪ್ಸ್ ಎಂಬ ಹೆಂಡದಂಗಡಿಯಲ್ಲಿ ಇಟ್ಟರು. ಕೆಲದಿನಗಳಲ್ಲೇ ಕೆಟ್ಟಿತೆಂದು ಕರೆ ಬಂತು. ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕಿ ಯಂತ್ರ ಅಡಚಿಕೊಂಡಿತ್ತು. ಆಮೇಲೆ ಸಾಂಟಾ ಕ್ಲಾರಾದ ಹಳೆಯ ಸ್ಕೇಟಿಂಗ್ ಅಂಕಣವೊಂದೇ ಪಾಂಗ್ ಕಾರ್ಖಾನೆಯಾಯಿತು. ಆ ಮೊದಲ ಯಂತ್ರವನ್ನು ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಜೋಪಾನವಾಗಿಟ್ಟಿದ್ದಾರೆ.

ನನ್ನ ದೃಷ್ಟಿಯಲ್ಲಿ ಕಥೆ ರಂಗೇರುವುದು ಇದರ ನಂತರ. 1976ರಲ್ಲಿ ವಾರ್ನರ್ ಸಂಸ್ಥೆ 2.8 ಕೋಟಿ ಡಾಲರಿಗೆ ಅಟಾರಿಯನ್ನು ಕೊಂಡಿತು. ವಾರ್ನರ್ ಎಂದರೆ ಸಿನಿಮಾ ಮತ್ತು ಗ್ರಾಮಫೋನ್ ರೆಕಾರ್ಡು; ಗಾಯಕರ ಹೆಸರು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ವ್ಯಾಪಾರ. ಅಟಾರಿ ಆಟ ಬರೆದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ನಮಗೂ ಗಾಯಕರಿಗೆ ಕೊಟ್ಟಂತೆ ಹೆಸರು, ಪಾಲು ಕೊಡಿ ಎಂದು ಕೇಳಲು ಅವರಲ್ಲಿ ನಾಲ್ವರು ಹೋದರು. ಜವಳಿ ಉದ್ಯಮದಿಂದ ಬಂದಿದ್ದ ಮುಖ್ಯಸ್ಥ ರೇ ಕಸ್ಸಾರ್, ಆಟದ ಕಾರ್ಟ್ರಿಜ್ ಜೋಡಿಸುವ ಕೂಲಿಯಾಳಿಗಿಂತ ನೀವೇನು ಹೆಚ್ಚು ಎಂಬರ್ಥದ ಉತ್ತರ ಕೊಟ್ಟರೆಂದು ಅವರಲ್ಲೊಬ್ಬರಾದ ಡೇವಿಡ್ ಕ್ರೇನ್ ಹಲವು ಸಲ ಹೇಳಿದ್ದಾರೆ. ವಾರನ್ ರಾಬಿನೆಟ್ ಎಂಬ ಇನ್ನೊಬ್ಬರು ಕೇಳುವ ಗೋಜಿಗೇ ಹೋಗಲಿಲ್ಲ. ತಮ್ಮ 'ಅಡ್ವೆಂಚರ್' ಆಟದೊಳಗೆ ಗುಪ್ತ ಕೋಣೆಯೊಂದನ್ನು ಕಟ್ಟಿ ಅಲ್ಲಿ ತಮ್ಮ ಹೆಸರು ಬರೆದಿಟ್ಟು ಕೆಲಸ ಬಿಟ್ಟರು. ನಮ್ಮ ದಾಸರು ಕೊನೆಯ ಚರಣದಲ್ಲಿ ಅಂಕಿತ ಇಟ್ಟಂತೆ.

ಆ ನಾಲ್ವರು 1979ರಲ್ಲಿ ಆಕ್ಟಿವಿಷನ್ ಕಟ್ಟಿದರು. ಅದರ ಆರಂಭದ ವಿಳಾಸವೂ ಇದೇ ಸ್ಕಾಟ್ ಬುಲೆವಾರ್ಡು. ಮುಖ್ಯಸ್ಥರಾಗಿ ಬಂದ ಜಿಮ್ ಲೆವಿ, ಹಾಡಿನ ಟೇಪುಗಳ ವ್ಯಾಪಾರದ ಜಿಆರ್‌ಟಿ ಕಂಪನಿಯಲ್ಲಿ ಪಳಗಿದವರು. ಆಲ್ಬಮ್ ಮಾರುವ ರೀತಿಯಲ್ಲೇ ಆಟ ಮಾರಿದರು. ಆಟ ರಚಿಸಿದವರ ಹೆಸರು, ಫೋಟೋ, ಅವರದೇ ನಾಲ್ಕು ಸಲಹೆ, ಎಲ್ಲವೂ ಕೈಪಿಡಿಯಲ್ಲಿ.

ನನ್ನ ಅಚ್ಚುಮೆಚ್ಚಿನ 'ರಿವರ್ ರೇಡ್' ಅವರದೇ, 1982ರದು. ಬರೆದವರು ಕೆರಲ್ ಶಾ. ನದಿಯ ಮೇಲೆ ವಿಮಾನ ಹಾರಿಸುತ್ತ, ಇಂಧನ ಮುಗಿಯದಂತೆ ಇಂಧನದ ಡಿಪೋಗಳ ಮೇಲೆ ಹಾದು ತುಂಬಿಸಿಕೊಳ್ಳುತ್ತ, ಸೇತುವೆಗಳನ್ನು ಒಡೆಯುತ್ತ ಸಾಗುವ ಆಟ. ಇಡೀ ಆಟ ನಾಲ್ಕು ಕಿಲೋಬೈಟಿನಲ್ಲಿ ಕೂತಿದೆ. ಅಷ್ಟರಲ್ಲಿ ನದಿಯ ನಕ್ಷೆಗೆ ಜಾಗವೆಲ್ಲಿ? ಆಕೆ ನಕ್ಷೆ ಇಡಲೇ ಇಲ್ಲ. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ಹುಟ್ಟಿಸುವ ಸೂತ್ರ ಬರೆದರು. ದಡ, ನಡುಗಡ್ಡೆ ಎಲ್ಲ ಅದರಿಂದ ಮೂಡುತ್ತವೆ. ಪ್ರತಿಸಲ ಅದೇ ಸಂಖ್ಯೆಯಿಂದ ಶುರುವಾಗುವುದರಿಂದ ಪ್ರತಿಸಲ ಅದೇ ನದಿ. ಈಗಿನ ಎಂಜಿನಿಯರುಗಳಿಗೆ, ನನ್ನನ್ನೂ ಸೇರಿಸಿ, ಈ ಜಿಪುಣತನ ಬರುವುದಿಲ್ಲ.

ಮೈಸೂರಿನಲ್ಲಿ ನಾವು ಆಡಿದ್ದು ಕಳ್ಳ ನಕಲು. ನೂರೆಂಟು ಆಟ ತುಂಬಿದ ಕಪ್ಪು ಪೆಟ್ಟಿಗೆ. ಒಂದಕ್ಕೂ ಕೈಪಿಡಿಯಿಲ್ಲ, ಕರ್ತೃವಿಲ್ಲ. ಅದರ ಪಕ್ಕದಲ್ಲೇ ಇದ್ದ ಅಪ್ಪನ ಕ್ಯಾಸೆಟ್ಟಿನಲ್ಲಿ ಕವಿ, ರಾಗ ಹಾಕಿದವರು, ಹಾಡಿದವರು ಎಲ್ಲರ ಹೆಸರೂ ಇರುತ್ತಿತ್ತು. 1978ರಲ್ಲಿ ಬಂದ 'ನಿತ್ಯೋತ್ಸವ'ವನ್ನು ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎನ್ನುತ್ತಾರೆ. ನಿಸಾರ್ ಅಹಮದ್ ಮತ್ತು ಮೈಸೂರು ಅನಂತಸ್ವಾಮಿ ಎಂಬ ಎರಡು ಹೆಸರು ಮನೆಮನೆಯಲ್ಲಿ ಜೋಡಿಯಾಗಿ ಉಳಿದದ್ದು ಅದರಿಂದ. ಅಟಾರಿಯವರಿಗೆ ಕಷ್ಟವಾದ ಮರ್ಯಾದೆಯನ್ನು ನಮ್ಮ ಕ್ಯಾಸೆಟ್ಟಿನವರು ಸಲೀಸಾಗಿ ಮಾಡಿದ್ದರು.

ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ, ಪಾಂಗ್ ಬಂದ ಮರುವರ್ಷ. ಇಲ್ಲಿನ ಹಿರಿಯರ ಗ್ಯಾರೇಜುಗಳಲ್ಲಿ ಊರಿಂದ ಸೂಟ್‌ಕೇಸಿನಲ್ಲಿ ಬಂದ ಕ್ಯಾಸೆಟ್ಟುಗಳು ಇನ್ನೂ ಇವೆ. ಮಕ್ಕಳು ಅವನ್ನು ಕಂಪ್ಯೂಟರಿಗೆ ಇಳಿಸಿ, ಡಬ್ಬಿಯನ್ನು ಕಸಕ್ಕೆ ಹಾಕುತ್ತಿದ್ದಾರೆ. ದಯವಿಟ್ಟು ಹಾಕಬೇಡಿ. ಒಳಗೆ ಮಡಿಸಿಟ್ಟ ಕಾಗದದ ಫೋಟೋ ತೆಗೆದು ಹಾಡಿನ ಜೊತೆಗೇ ಇಡಿ. ಕವಿ, ಗಾಯಕರ ಹೆಸರು ಹುಡುಕಿದರೆ ಸಿಗುತ್ತದೆ. ಕೊಳಲು, ತಬಲಾ ನುಡಿಸಿದವರದು ಎಷ್ಟೋ ಸಲ ಆ ಕಾಗದದಲ್ಲಿ ಮಾತ್ರ ಇರುತ್ತದೆ.