ಜ್ವಾಲೆಯಲ್ಲಿ ಜಲಪರೀಕ್ಷೆ

ಜಲದಲ್ಲಿ ಲೀನವಾದ ಲೋಹವು ಕಣ್ಣಿಗೆ ಕಾಣದು. ಅತ್ಯಲ್ಪವಾದರೆ ನಾಲಗೆಗೂ ತಿಳಿಯದು. ಉರಿಯ ಬಣ್ಣದಿಂದ ಲವಣಗಳ ಭೇದವನ್ನರಿಯಬಹುದೆಂಬುದನ್ನು ಬರ್ಲಿನ್ನಿನ ಮಾರ್ಗ್‌ಗ್ರಾಫನು 18ನೆಯ ಶತಮಾನದಲ್ಲಿಯೇ ತೋರಿಸಿದ್ದನು. ಆದರೆ ಲವಣಗಳು ಬೆರೆತಿರುವಲ್ಲಿ ಸೋಡಿಯಂನ ಹಳದಿಯು ಉಳಿದ ವರ್ಣಗಳನ್ನೆಲ್ಲ ನುಂಗಿಬಿಡುವುದು. ಈ ತೊಡಕನ್ನು ಬಿಡಿಸಿದವರು ಹೈಡೆಲ್‌ಬರ್ಗಿನ ರಸಾಯನಶಾಸ್ತ್ರಜ್ಞ ಬುನ್‌ಸೆನ್ ಮತ್ತು ಭೌತಶಾಸ್ತ್ರಜ್ಞ ಕಿರ್ಖಾಫ್ ಎಂಬಿಬ್ಬರು. ಜ್ವಾಲೆಯ ಬೆಳಕನ್ನು ಗಾಜಿನ ಅಶ್ರಗದ ಮೂಲಕ ಹಾಯಿಸಲು, ಒಂದೊಂದು ಲೋಹದ ರೇಖೆಯೂ ತನ್ನ ನಿಯತಸ್ಥಾನದಲ್ಲಿ ಬೇರೆಯಾಗಿ ನಿಂತಿತು.

1860ರಲ್ಲಿ ಅವರು ಡ್ಯುರ್ಖೈಮ್ ಎಂಬ ಊರಿನ ಬುಗ್ಗೆಯ ನೀರನ್ನು ಪರೀಕ್ಷಿಸಿದರು. ನೀರನ್ನು ಬತ್ತಿಸಿ, ಸುಣ್ಣ ಸ್ಟ್ರಾನ್ಷಿಯಂ ಮೊದಲಾದುವನ್ನು ತೆಗೆದು, ಉಳಿದ ದ್ರವದ ಹನಿಯನ್ನು ಜ್ವಾಲೆಗೆ ಹಿಡಿದಾಗ ಅಕ್ಕಪಕ್ಕದಲ್ಲಿ ಎರಡು ನೀಲರೇಖೆಗಳು ಕಂಡುವು. ಅವುಗಳಲ್ಲೊಂದು ಸ್ಟ್ರಾನ್ಷಿಯಂ ರೇಖೆಗೆ ಬಹು ಸಮೀಪವಾದುದು. ಆ ಲೋಹವನ್ನು ಮೊದಲೇ ತೆಗೆಯದಿದ್ದರೆ ಸಂದೇಹವು ಉಳಿಯುತ್ತಿತ್ತು. ಧೂಮದಿಂದ ವಹ್ನಿಯನ್ನು ಅನುಮಾನಿಸುವ ತಾರ್ಕಿಕರು ವ್ಯಭಿಚಾರಶಂಕೆಯನ್ನು ಮುಂಚೆಯೇ ಕಳೆಯಬೇಕೆನ್ನುವರಷ್ಟೆ. ಇಲ್ಲಿ ವಹ್ನಿಯೇ ಹೇತು, ನಿಯಮವು ಮಾತ್ರ ಅದೇ. ತಿಳಿದ ಯಾವ ವಸ್ತುವೂ ಆ ಜೋಡಿರೇಖೆಗಳನ್ನು ಕೊಡದ ಕಾರಣ ಅದು ಹೊಸ ಧಾತುವೆಂದು ನಿಶ್ಚಯವಾಯಿತು. ಆಕಾಶನೀಲವೆಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಸೀಸಿಯಂ ಎಂದು ಹೆಸರಿಟ್ಟರು. ಲೋಹದ ಮೈಬಣ್ಣವಾದರೋ ಎಳೆಹೊನ್ನಿನದು! ಹೆಸರು ರೇಖೆಗೆ ಸಲ್ಲುವುದೇ ಹೊರತು ಲೋಹಕ್ಕಲ್ಲ.

ರೇಖೆಯನ್ನು ಕಂಡ ಮಾತ್ರಕ್ಕೆ ಧಾತುವು ಕೈಸೇರಿತೆಂದು ಹೇಳುವುದು ಅರ್ಧಸತ್ಯ. ತೂಗಿ ತೋರಿಸುವಷ್ಟು ಲವಣಕ್ಕಾಗಿ ಬುನ್‌ಸೆನ್ನನು ಸುಮಾರು 44,000 ಕಿಲೋಗ್ರಾಂ ನೀರನ್ನು ಬತ್ತಿಸಬೇಕಾಯಿತು. ಪ್ಲಾಟಿನಂನೊಡನೆ ಕೂಡಿ ತಳಕ್ಕಿಳಿದ ಲವಣವನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಕುದಿಸಿ ಪೊಟಾಸಿಯಂ ಅಂಶವನ್ನು ಕಳೆಯಬೇಕಾಯಿತು. ಇಷ್ಟು ದುಡಿಮೆಗೆ ದೊರೆತ ಸೀಸಿಯಂ ಕ್ಲೋರೈಡು ಸುಮಾರು 7 ಗ್ರಾಂ. ಲೋಹವನ್ನೇ ಬೇರ್ಪಡಿಸಿದವನು ಸೆಟರ್‌ಬರ್ಗ್, ಅದೂ 1882ರಲ್ಲಿ.

ಇದೆಯೆಂಬ ಜ್ಞಾನವು ಒಂದು, ಇಷ್ಟಿದೆಯೆಂಬುದು ಬೇರೊಂದು. 1920ರ ದಶಕದಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲುಂಡೆಗಾರ್ಡನು ದ್ರಾವಣವನ್ನು ಅಸಿಟಿಲೀನ್ ಜ್ವಾಲೆಗೆ ತುಂತುರಾಗಿ ಬಿಟ್ಟು ರೇಖೆಯ ಬಲವನ್ನು ಅಳೆಯುವ ಕ್ರಮವನ್ನು ಬೆಳೆಸಿದನು. 1955ರಲ್ಲಿ ಆಸ್ಟ್ರೇಲಿಯದ ಅಲನ್ ವಾಲ್ಷನು ದೃಷ್ಟಿಯನ್ನೇ ತಿರುಗಿಸಿದನು: ಜ್ವಾಲೆಯು ಸೂಸುವ ಬೆಳಕನ್ನಲ್ಲ, ಅದೇ ಲೋಹದ ದೀಪದಿಂದ ಬಂದ ಬೆಳಕಿನಲ್ಲಿ ಜ್ವಾಲೆಯು ಹೀರಿಕೊಂಡ ಅಂಶವನ್ನು ಅಳೆಯಬೇಕೆಂದನು. ಪ್ರಮಾಣವು ತಿಳಿದ ದ್ರಾವಣಗಳೊಡನೆ ಹೋಲಿಸಿ, ನದಿ ಕೆರೆಗಳ ನೀರಿನಲ್ಲಿರುವ ತಾಮ್ರ ಸತುಗಳನ್ನು ಗಣಿಸುವುದು ಇದರಿಂದ ಸುಲಭವಾಯಿತು. ಜ್ವಾಲೆಯು ತಾನು ಸೂಸುವ ಬೆಳಕನ್ನೇ ಹೀರುವುದೆಂಬ ತತ್ತ್ವವನ್ನು ಕಿರ್ಖಾಫನು 1859ರಲ್ಲಿಯೇ ಪ್ರತಿಪಾದಿಸಿದ್ದನು. ರಸಾಯನಶಾಲೆಗಳಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬರಲು ಹೆಚ್ಚುಕಡಮೆ ಒಂದು ಶತಮಾನವೇ ಹಿಡಿದುದು ವಿಸ್ಮಯಕರವಾಗಿದೆ.